ವಾಯುವಿಹಾರಿಗಳಿಗೆ ಮಾತ್ರ

ಚಂದಾಪುರದಲ್ಲಿ ಕಾಗುಣಿತದ ತಪ್ಪಿಲ್ಲದ ಬೋರ್ಡು ಒಂದೇ ಒಂದು ಇದೆ. ಅದರ ಮೇಲಿನ ಮಾತು ನನ್ನದು. ಅದನ್ನು ನೋಡಿದಾಗಲೆಲ್ಲ, ಅವತ್ತು ಅರ್ಜಿ ಬರೆಯಲು ಕೂತಾಗ ನನ್ನ ಕೈಗೆ ಲಕ್ವಾ ಹೊಡೆದಿದ್ದರೂ ಚೆನ್ನಾಗಿತ್ತು ಅನಿಸುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಕಲಿಸಿದವನು ನಾನು. ಜೇಬಿನಲ್ಲಿ ಸೀಮೆಸುಣ್ಣದ ತುಂಡು ಇಟ್ಟುಕೊಂಡು ತಿರುಗುವ ಚಟ ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಗೋಡೆಯ ಮೇಲೆ ‘ಇಲ್ಲಿ ಮುತ್ರ ಮಾಡಬಾರದು’ ಅಂತ ಇದ್ದರೆ, ಅಲ್ಲಿ ಒಬ್ಬ ನಿಂತು ಮಾಡುತ್ತಿದ್ದರೂ ಸರಿ, ಪಕ್ಕಕ್ಕೆ ಹೋಗಿ ದೀರ್ಘ ಎಳೆದು ಬರುತ್ತಿದ್ದೆ. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ‘ಸುದ್ದ ಸಸ್ಯಹಾರಿ’ಯನ್ನು ಮೂರು ಸಲ ತಿದ್ದಿದೆ, ಮಾಲಕ ಮೂರು ಸಲ ಒರೆಸಿದ. ನಾಲ್ಕನೆಯ ಸಲ ಹೋದಾಗ ಅವನು ಕೈಮುಗಿದು, “ಸರ, ಚಾ ಕುಡ್ದು ಹೋಗ್ರಿ, ನನ್ನ ಬೋರ್ಡಿನ ಜೀವ ತಿನ್ಬ್ಯಾಡ್ರಿ” ಅಂದ. ನನ್ನ ಹೆಂಡತಿಗೆ ಇದೆಲ್ಲ ನಾಚಿಕೆಯ ವಿಷಯ. ನನಗೆ ಮಾತ್ರ ಹೆಮ್ಮೆ. ತಪ್ಪು ಕಂಡರೆ ಸುಮ್ಮನಿರಲಾರೆ ಎನ್ನುವ ಹೆಮ್ಮೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ನಮ್ಮ ಮನೆ ಊರ ಕೊನೆಯ ಬಡಾವಣೆಯಲ್ಲಿದೆ. ನೀರಿನ ಟಾಕಿಯ ಹಿಂದೆ ಮನೆಗಳು ಮುಗಿದು ಗಿಡಮರ ಶುರುವಾಗುತ್ತವೆ. ಮೊದಲು ಸಾಲು ಹಿಡಿದು ನೆಟ್ಟ ನೀಲಗಿರಿ, ಆಮೇಲೆ ಸಾಗವಾನಿ, ಅದರಾಚೆ ಯಾರೂ ನೆಡದೆ ತಾವೇ ಬೆಳೆದ ಸೀತಾಫಲ, ಮುತ್ತಲ, ಬೇವು. ಚಿಂಚೋಳಿಯ ದೊಡ್ಡ ಅಡವಿ ಇರುವುದು ಇನ್ನೂ ದೂರ, ಗುಡ್ಡದ ಕಡೆಗೆ. ಇದು ಊರಿಗೆ ಒತ್ತಿಕೊಂಡೇ ಇರುವ ಸಣ್ಣ ಕಾಡು. ಅದರ ನಡುವೆ ಒಂದು ಕಾಲುದಾರಿ. ಆ ತುದಿಗೆ ಒಂದು ಹಳ್ಳಿ, ಈ ತುದಿಗೆ ನಮ್ಮ ಬಸ್‌ಸ್ಟ್ಯಾಂಡು ಮತ್ತು ಕಾಯಿಪಲ್ಯದ ಬಜಾರು. ಅವಸರವಿಲ್ಲದೆ ನಡೆದರೆ ಮುಕ್ಕಾಲು ತಾಸು. ಡಾಂಬರು ರಸ್ತೆ ಹಿಡಿದು ಸುತ್ತಿ ಬಂದರೆ ಎರಡು ತಾಸು ಬೇಕು, ಅದರಲ್ಲೂ ಸೇಡಂ ಕಡೆಯಿಂದ ಬರುವ ಸಿಮೆಂಟ್ ಲಾರಿಗಳಿಗೆ ಅಂಚಿನಲ್ಲಿ ನಡೆಯುವ ಮನುಷ್ಯರು ಕಣ್ಣಿಗೆ ಬೀಳುವುದೇ ಇಲ್ಲ.

ನನಗೆ ಸಕ್ಕರೆ ಕಾಯಿಲೆ ಬಂತು. ದಿನಾ ಬೆಳಿಗ್ಗೆ ಒಂದು ತಾಸು ನಡೆಯಲೇಬೇಕು ಎಂದು ಕಲಬುರಗಿಯ ಡಾಕ್ಟರು ಹೇಳಿದರು. ಅವತ್ತಿನಿಂದ ಆ ಕಾಲುದಾರಿ ಹಿಡಿದೆ. ಹೋಗುತ್ತ ಒಬ್ಬನೇ ಹೋಗುತ್ತಿದ್ದೆ. ಬರುತ್ತ ಮಾತ್ರ ಜೊತೆ ಸಿಗುತ್ತಿತ್ತು.

ಜೊತೆಯೆಂದರೆ ಎಲೆ ಹೊತ್ತು ಬರುವ ಒಬ್ಬ ಹೆಂಗಸು. ಆ ತುದಿಯ ಹಳ್ಳಿಯವಳು, ಐವತ್ತರ ಆಸುಪಾಸು, ಗಂಡ ಇಲ್ಲ. ಎರಡು ಎಕರೆ ಹೊಲದ ಬದುವಿನ ಮೇಲೆ ಮುತ್ತಲ ಗಿಡಗಳಿದ್ದವು. ಅವುಗಳ ಎಲೆ ಹರಿದು, ಒಣಗಿಸಿ, ಕಡ್ಡಿ ಚುಚ್ಚಿ ಪತ್ರೋಳಿ ಹಚ್ಚುತ್ತಿದ್ದಳು. ಊಟದ ಎಲೆಗೆ ನಮ್ಮಲ್ಲಿ ಪತ್ರೋಳಿ ಅನ್ನುತ್ತೇವೆ. ಪ್ಲಾಸ್ಟಿಕ್ ತಟ್ಟೆ ಬಂದ ಮೇಲೂ ಮದುವೆ, ದಿನಕರ್ಮ ಮಾಡುವ ಮನೆಗಳವರು ಅವಳ ಎಲೆಯನ್ನೇ ಕೇಳುತ್ತಿದ್ದರು. ತಲೆಯ ಮೇಲೆ ಅವಳಿಗಿಂತ ಅಗಲವಾದ ಹೊರೆ. ಕುತ್ತಿಗೆ ಅಲುಗದಂತೆ ಹಿಡಿದು ನಡೆಯುತ್ತಲೇ ಮಾತಾಡುತ್ತಿದ್ದಳು.

“ನಮ್ ಸರ ಬಂದ್ರು. ಇವತ್ತ ತಡಾ ಆಯ್ತಲ್ರಿ?”

“ನಿನ್ನ ಮೊಳಕಾಲು ಹ್ಯಾಂಗದವ್ವಾ?”

“ಅದಾವ್ರಿ ಸರ. ಎರಡದಾವ, ಎರಡೂ ಅಳ್ಲಿಕತ್ತಾವ.”

ಅವಳು ನನ್ನನ್ನು ಮೊದಲ ದಿನದಿಂದಲೂ ‘ನಮ್ ಸರ’ ಎನ್ನುತ್ತಿದ್ದಳು. ಈ ಊರಲ್ಲಿ ಅರ್ಧ ಮಂದಿ ನನ್ನ ಶಿಷ್ಯರು, ಉಳಿದರ್ಧ ಮಂದಿ ಶಿಷ್ಯರ ಅಪ್ಪ ಅವ್ವ. ಎಲ್ಲರೂ ನಮ್ ಸರ ಅನ್ನುವವರೇ. ಹಾಗಾಗಿ ಆ ಮಾತಿಗೆ ನಾನು ಕಿವಿಗೊಡಲಿಲ್ಲ.

ಅರ್ಧ ತಾಸಿನ ನಡಿಗೆಯಲ್ಲಿ ಅವಳು ಆಡದ ಮಾತಿಲ್ಲ. ಯಾವ ಗಿಡಕ್ಕೆ ಯಾವಾಗ ಎಲೆ ಬಲಿಯುತ್ತದೆ, ಯಾವ ಮನೆಯ ಬೀಗರು ಎಲೆ ಹರಿದಿದೆಯೆಂದು ಮದುವೆಯಲ್ಲಿ ಜಗಳ ತೆಗೆದರು, ಸೇಡಂನಲ್ಲಿರುವ ಮಗಳಿಗೆ ಎಂಟು ತಿಂಗಳು, ಅಳಿಯ ಒಳ್ಳೆಯವ ಆದರೆ ಮಾತು ಕಡಿಮೆ. ಶಾಲೆಯಲ್ಲಿ ಮೂವತ್ತು ವರ್ಷ ನಾನೇ ಮಾತಾಡಿ ಮಾತಾಡಿ ದಣಿದಿದ್ದೆ. ಕೇಳುವುದು ಇಷ್ಟು ಹಗುರ ಅಂತ ಗೊತ್ತಾದದ್ದು ಆ ಹಾದಿಯಲ್ಲಿ. ನನ್ನ ದಿನದ ಒಳ್ಳೆಯ ಹೊತ್ತು ಅದೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಹಾದಿಯ ನಡುವೆ ಒಂದು ಹಳ್ಳ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಒಣಗಿರುತ್ತದೆ, ಮಳೆಗಾಲದಲ್ಲಿ ಪಾದ ಮುಳುಗುವಷ್ಟು ನೀರು. ಇಳಿಯುವಲ್ಲಿ ಪಾಚಿ ಕಟ್ಟಿದ ಕಲ್ಲುಗಳಿದ್ದವು. ಒಂದು ಶ್ರಾವಣದಲ್ಲಿ ನನ್ನ ಕಣ್ಣೆದುರಿಗೇ ಅವಳು ಜಾರಿದಳು. ಹೊರೆ ಬಿಟ್ಟಿದ್ದರೆ ಕೈಯೂರಿ ಉಳಿಯಬಹುದಿತ್ತು, ಅವಳು ಹೊರೆ ಬಿಡಲಿಲ್ಲ. ಎಡ ಮೊಳಕಾಲು ಕಲ್ಲಿಗೆ ಬಡಿಯಿತು. ನಾನು ಹಿಡಿದು ಎಬ್ಬಿಸುವಾಗ ಹಲ್ಲು ಕಚ್ಚಿಕೊಂಡೇ ಕೇಳಿದಳು, “ಎಲಿ ತೊಯ್ದಾವೇನ್ರಿ ಸರ?” ತೊಯ್ದಿರಲಿಲ್ಲ. ಅವಳು ನಗಲು ನೋಡಿದಳು, ನಗು ಬರಲಿಲ್ಲ.

ಆ ದಿನವೇ ಅರ್ಜಿ ಬರೆಯಬೇಕು ಅಂದುಕೊಂಡೆ. ಅಲ್ಲಿ ಎರಡು ಪರಸಿಕಲ್ಲು ಹಾಸಿ ಮೆಟ್ಟಿಲು ಮಾಡಿಸಿದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಶಹಾಬಾದಿನಿಂದ ಕಲ್ಲು ಹೇರಿದ ಲಾರಿಗಳು ದಿನಾ ಓಡಾಡುತ್ತವೆ, ನಮ್ಮ ಅಡುಗೆಮನೆ ಬಚ್ಚಲುಮನೆ ಎಲ್ಲಾ ಅದೇ ಕಲ್ಲು. ನನ್ನ ಉದ್ದೇಶ ಅಷ್ಟೇ ಇತ್ತು. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ಯಾರೂ ಕೇಳದಿದ್ದರೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆದರೆ ಕನ್ನಡ ಮಾಸ್ತರ ಅರ್ಜಿ ಬರೆಯುವುದೆಂದರೆ ಸಾಮಾನ್ಯವೇ? ಎರಡು ಸಂಜೆ ಕೂತೆ. ‘ಈ ದಾರಿಯಲ್ಲಿ ಮಂದಿ ನಡೆಯುತ್ತಾರೆ’ ಎಂದು ಮೊದಲು ಬರೆದೆ. ತೀರಾ ಸಪ್ಪೆಯಾಗಿ ಕಂಡಿತು. ಅರಣ್ಯ ಇಲಾಖೆಯ ಕಚೇರಿಯವರು ಓದಿ ಗೌರವದಿಂದ ಎದ್ದು ನಿಲ್ಲಬೇಕು ಎಂಬ ಆಸೆ. ಅದನ್ನು ಹೊಡೆದು, ‘ಪ್ರಸ್ತುತ ಅರಣ್ಯಪಥವನ್ನು ಅವಲಂಬಿಸಿರುವ ವಾಯುವಿಹಾರಿಗಳ ಸುಗಮ ಸಂಚಾರಾರ್ಥವಾಗಿ’ ಎಂದು ಬರೆದೆ. ಓದಿಕೊಂಡರೆ ಕಿವಿಗೆ ಹಬ್ಬ. ಹೆಂಡತಿಗೆ ಓದಿ ಹೇಳಿದೆ. ಅವಳು ಮೆಂತ್ಯ ಸೋಸುತ್ತಿದ್ದಳು. “ಇದರಾಗ ಹಳ್ಳ ಎಲ್ಲದರಿ?” ಅಂದಳು. ಮುಂದೆ ಬರುತ್ತದೆ, ತಾಳು ಅಂದೆ.

ವಾಯುವಿಹಾರ ಅನ್ನುವುದು ನನಗೆ ಹಳೆಯ ಗೆಳೆಯನಂಥ ಶಬ್ದ. ನೌಕರಿಯ ಮೊದಲ ವರ್ಷ ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಗೆ ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂದು ಐದು ಶಬ್ದ ಕೊಟ್ಟಿದ್ದೆ. ಅದರಲ್ಲಿ ಇದೂ ಒಂದು. ಅರ್ಥ ಕೇಳಿದವರಿಗೆ, ಬೆಳಿಗ್ಗೆ ಎದ್ದು ಗಿಡಮರ ಇರುವ ಕಡೆ ನಡೆದು ಬರುವುದು ಎಂದಿದ್ದೆ. ಒಂದು ಹುಡುಗಿ ಬರೆದಳು: ‘ನಮ್ಮ ಅವ್ವ ದಿನಾಲು ಹೊರೆ ಹೊತ್ತುಕೊಂಡು ವಾಯುವಿಹಾರಕ್ಕೆ ಹೋಗುತ್ತಾಳೆ.’ ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮೊದಲು ನಾನು ನಕ್ಕೆ, ಆಮೇಲೆ ಮಕ್ಕಳು ನಕ್ಕವು. ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆದು ತಪ್ಪು ಎಂದು ಬರೆದೆ. ಆಮೇಲೆ ಮೂವತ್ತು ವರ್ಷ, ಚಿತ್ತಾಪುರವೋ ವಾಡಿಯೋ, ಯಾವ ಊರಿಗೆ ವರ್ಗವಾದರೂ ಅಲ್ಲಿನ ಸ್ಟಾಫ್‌ರೂಮಿನಲ್ಲಿ ಈ ವಾಕ್ಯ ಹೇಳಿ ನಗಿಸಿದ್ದೇನೆ. ಆ ಹುಡುಗಿ ಯಾರು, ಮುಂದೆ ಏನಾದಳು ಎಂದು ಒಂದು ದಿನವೂ ಯೋಚಿಸಲಿಲ್ಲ.

ಅರ್ಜಿಗೆ ಸಹಿ ಬೇಕಿತ್ತು. ಬೆಳಿಗ್ಗೆ ಬೂಟು ಹಾಕಿಕೊಂಡು ತಿರುಗುವ ನಮ್ಮ ಬಡಾವಣೆಯವರು ಹತ್ತಾರು ಮಂದಿ ಮಾಡಿದರು. ಅವರಲ್ಲಿ ಹೆಚ್ಚಿನವರು ನೀರಿನ ಟಾಕಿಯ ತನಕ ಬಂದು ಹೊಳ್ಳಿ ಹೋಗುವವರು, ಹಳ್ಳ ನೋಡಿದವರೇ ಅಲ್ಲ. ಮರುದಿನ ಹಾದಿಯಲ್ಲಿ ಎಲೆಯ ಹೆಂಗಸಿಗೂ ಕಾಗದ ಹಿಡಿದೆ. ಹೆಬ್ಬೆಟ್ಟಿಗೆ ಶಾಯಿ ಬೇಕಾದೀತು ಎಂದು ಅದನ್ನೂ ಒಯ್ದಿದ್ದೆ. ಅವಳು ಹೊರೆ ಇಳಿಸಿ, ಸೆರಗಿಗೆ ಕೈ ಒರೆಸಿ, ಪೆನ್ನು ಇಸಕೊಂಡು ತನ್ನ ಹೆಸರು ಬರೆದಳು. ದುಂಡಗಿನ ಅಕ್ಷರ, ತಲೆಕಟ್ಟು ಸಹಿತ.

“ಭಾಳ ಛಲೋ ಅದವ್ವಾ ಅಕ್ಷರ!” ಅಂದೆ.

“ಎಲ್ಲಾ ನೀವೇ ಕಲ್ಸಿದ್ರಿ ಸರ.”

ಇದು ನಮ್ಮ ಕಡೆಯ ಮರ್ಯಾದೆಯ ಮಾತು. ಹೊಲಿಗೆಯವನೂ ಅನ್ನುತ್ತಾನೆ, ಕಂಡಕ್ಟರನೂ ಅನ್ನುತ್ತಾನೆ. ನಾನು ನಕ್ಕು, “ಓದಿ ನೋಡು ಒಮ್ಮಿ” ಅಂದೆ.

“ನೀವ್ ಬರ್ದೀರಿ ಅಂದ ಮ್ಯಾಲ ಓದೋದೇನದರಿ” ಎಂದು ಹೊರೆ ಎತ್ತಿಕೊಂಡಳು.

ಮುಂದಿನದು ಬೇಗ ಬೇಗ ಆಯಿತು. ಆಗದಿದ್ದರೆ ಒಳ್ಳೆಯದಿತ್ತು. ನಮ್ಮ ಕಡೆ ಅರ್ಜಿ ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಕೆಲಸವಾಗುತ್ತದೆ ಎನ್ನುವ ಮಾತಿದೆ. ಇದು ಮಾತ್ರ ವರ್ಷ ತುಂಬುವುದರೊಳಗೆ ಆಗಿಹೋಯಿತು. ನಾನು ಕೇಳಿದ್ದು ಹಳ್ಳಕ್ಕೆ ನಾಲ್ಕು ಮೆಟ್ಟಿಲು. ಕೊಟ್ಟದ್ದು ಇಡೀ ಹಾದಿ. ಕಲ್ಲು ಮುಳ್ಳು ತೆಗೆದು ಸಮ ಮಾಡಿದರು. ಎರಡೂ ಕಡೆ ಪರಸಿಕಲ್ಲಿನ ಅಂಚು, ಹಳ್ಳಕ್ಕೆ ಪುಟ್ಟ ಸೇತುವೆ, ನಾಲ್ಕು ಕಡೆ ಕೂರುವ ಕಟ್ಟೆ. ಗಿಡಗಳಿಗೆ ತಗಡಿನ ಹೆಸರುಪಟ್ಟಿ ಹೊಡೆದರು. ನಾನು ಜೇಬಿನಲ್ಲಿ ಸೀಮೆಸುಣ್ಣ ಹಿಡಿದೇ ನೋಡಿದೆ, ಎಲ್ಲಿಯೂ ತಪ್ಪಿರಲಿಲ್ಲ. ಕೆಲಸ ನಡೆಯುವಾಗ ಅವಳೂ ದಿನಾ ನಿಂತು ನೋಡುತ್ತಿದ್ದಳು. ಸೇತುವೆಯ ಸಿಮೆಂಟು ಹಸಿ ಇದ್ದಾಗಲೇ ಕೈಯಿಂದ ಮುಟ್ಟಿ, “ಇನ್ನ ಮ್ಯಾಲ ನನ್ನ ಕಾಲಿಗಿ ಬಾದಶಾಹಿ ಬಂತು ನೋಡ್ರಿ ಸರ” ಅಂದಳು. ಅವಳ ಮುಖದ ಮೇಲೆ ಅಂಥ ಖುಷಿಯನ್ನು ನಾನು ಮೊದಲು ನೋಡಿರಲಿಲ್ಲ. ಅದು ನನ್ನ ಕೆಲಸ ಎಂದು ಬೀಗಿದೆ.

ಕೊನೆಗೆ ಎರಡೂ ತುದಿಗೆ ಗೇಟು ಹಾಕಿದರು. ಈ ಕಡೆಯ ಗೇಟಿನ ಪಕ್ಕದಲ್ಲಿ ನೆಟ್ಟದ್ದು ಬಣ್ಣದ ತಗಡಲ್ಲ, ಆಳೆತ್ತರದ ಶಹಾಬಾದ್ ಕಲ್ಲು. ಅದರಲ್ಲಿ ಅಕ್ಷರ ಕೆತ್ತಿಸಿ ಬಿಳಿ ಬಣ್ಣ ತುಂಬಿದ್ದರು. ಆ ಕಡೆಯ ಗೇಟಿಗೂ ಅಂಥದ್ದೇ ಒಂದು.

‘ಅರಣ್ಯಪಥ. ವಾಯುವಿಹಾರಿಗಳಿಗೆ ಮಾತ್ರ ಪ್ರವೇಶ.’

ಮೊದಲ ಸಲ ಓದಿದಾಗ, ನನ್ನ ಮೇಲೆ ಆಣೆ ಮಾಡಿ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ನನ್ನ ಎರಡು ಶಬ್ದಗಳು ಕಲ್ಲಿನಲ್ಲಿ! ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ‘ಮಾತ್ರ’ ಎನ್ನುವುದು ನಾನು ಬರೆದದ್ದಲ್ಲ. ಅದನ್ನು ಗಮನಿಸಿದೆ, ಆದರೆ ಅದರ ಮೇಲೆ ಮನಸ್ಸು ನಿಲ್ಲಲಿಲ್ಲ. ಅಕ್ಷರ ತಿದ್ದುವವನ ಕಣ್ಣು ದೀರ್ಘ, ಒತ್ತು ನೋಡುತ್ತದೆ. ಅದರಾಚೆ ನೋಡುವುದಿಲ್ಲ.

ಗೇಟು ಶುರುವಾದ ದಿನ ಬೆಳಿಗ್ಗೆ ಆ ತುದಿಯ ತನಕ ನಡೆದೆ. ಅಲ್ಲಿ ಕಲ್ಲಿನ ಮುಂದೆ ಅವಳು ನಿಂತಿದ್ದಳು. ಹೊರೆ ನೆಲದ ಮೇಲಿತ್ತು. ಒಳಗೆ ಖಾಕಿ ಅಂಗಿಯ ಕಾವಲುಗಾರ, ನನ್ನಷ್ಟೇ ವಯಸ್ಸಿನವನು, ಗುತ್ತಿಗೆಯ ಮೇಲೆ ಬಂದವನು, ಗೇಟಿಗೆ ಕೈ ಹಚ್ಚಿ ನಿಂತಿದ್ದ.

“ಹೊರಿ ತಗೊಂಡು ಬರ್ಲಿಕ್ಕ ಹುಕುಮ್ ಇಲ್ಲವ್ವಾ” ಎಂದು ಅವನು ಹೇಳುತ್ತಿದ್ದ. “ಹೊರಿ, ದನ, ಸೈಕಲ್ ಬಿಡಬ್ಯಾಡ ಅಂದಾರ. ನಾ ಏನ್ ಮಾಡ್ಲಿ, ನಂದೂ ಹೊಟ್ಟಿ ಅದ.”

“ಎಲಿ ನಮ್ಮ ಹೊಲದ ಬದುವಿನವರೀ ಅಣ್ಣಾ. ಅಡವ್ಯಾಗಿನವಲ್ಲ.”

“ನನಗ ಗೊತ್ತದ. ಎಲಿ ಮ್ಯಾಲ ಬರದಿಲ್ಲಲ್ಲ.”

ನನ್ನನ್ನು ನೋಡಿ ಇಬ್ಬರಿಗೂ ಸಮಾಧಾನವಾಯಿತು. ಸರ ಬಂದರು, ಇನ್ನು ಸರಿಹೋಗುತ್ತದೆ ಎಂದುಕೊಂಡರು. ನಾನು ಜೋರಾಗಿ ಹೇಳಿದೆ: ಈ ಹಾದಿ ಮಾಡಿಸಿದವನೇ ನಾನು, ಅರ್ಜಿ ನನ್ನದು, ಬಿಡು ಅವಳನ್ನು. ಕಾವಲುಗಾರ ಮೆತ್ತಗೆ ಕಲ್ಲಿನ ಕಡೆ ಬೆರಳು ತೋರಿಸಿದ.

ಆಗ ಅವಳು ಕಲ್ಲಿನ ಮೇಲಿನದನ್ನು ಓದಿದಳು. ಬೆರಳನ್ನು ಒಂದೊಂದು ಅಕ್ಷರದ ಕೆಳಗೆ ಇಟ್ಟುಕೊಂಡು ಓದಿದಳು. “ವಾ-ಯು-ವಿ-ಹಾ-ರಿ-ಗ-ಳಿ-ಗೆ.” ಒಂದು ಅಕ್ಷರವೂ ನುಂಗದೆ, ಹಕಾರವನ್ನು ಹೊಟ್ಟೆಯಿಂದ ಎತ್ತಿ ಓದಿದಳು. ಹಾಗೆ ಓದಲು ಕಲಿಸುತ್ತಿದ್ದವನು ನಾನು. ನೌಕರಿಯ ಮೊದಲ ವರ್ಷ, ಬಿಸಿರಕ್ತದಲ್ಲಿ, ಹ ಮತ್ತು ಅ ಬೇರೆ ಎಂದು ಹಳ್ಳಿಯ ಮಕ್ಕಳ ಹೊಟ್ಟೆಯ ಮೇಲೆ ಅವುಗಳದೇ ಕೈ ಇರಿಸಿ ಹೇಳಿಸುತ್ತಿದ್ದೆ. ಮುಂದೆ ಯಾವ ಶಾಲೆಯಲ್ಲೂ ಅಷ್ಟು ತಾಳ್ಮೆ ನನಗೆ ಉಳಿಯಲಿಲ್ಲ. ನನ್ನ ಮೊದಲ ಶಾಲೆ ಇದೇ ಹಳ್ಳಿಯದಾಗಿತ್ತು. ಅವಳ ಬಲಗೈ ಕಲ್ಲಿನ ಮೇಲಿತ್ತು, ಎಡಗೈ ಹೊಟ್ಟೆಯ ಮೇಲೆ.

ನಾನು ಕಲ್ಲು ಬಿಟ್ಟು ಅವಳ ಮುಖ ನೋಡಿದೆ.

“ನೀ... ನನ್ನ ಸಾಲ್ಯಾಗ ಇದ್ದೇನವ್ವಾ?”

ಅವಳಿಗೇ ಆಶ್ಚರ್ಯ. “ಗುರ್ತ ಇಲ್ಲೇನ್ರಿ ಸರ? ಇಷ್ಟ ದಿನ ಕೂಡೇ ನಡದೀವಿ, ಗುರ್ತ ಹಿಡದೀರಿ ಅಂತಲೇ ತಿಳದಿದ್ದ ನಾ.” ಆಮೇಲೆ ತಾನೇ ನನ್ನ ಬೆನ್ನಿಗೆ ನಿಂತವಳಂತೆ, “ಎಷ್ಟೋ ಮಂದಿಗಿ ಕಲ್ಸೀರಿ, ಹ್ಯಾಂಗ ನೆಪ್ಪಿರ್ತದ ಬಿಡ್ರಿ” ಅಂದಳು.

ಕಾವಲುಗಾರನಿಗೆ ಆ ಶಬ್ದ ಗೊತ್ತಿರಲಿಲ್ಲ. “ಹಂಗಂದ್ರ ಏನ್ರಿ ಸರ?” ಎಂದು ಕೇಳಿದ. ನಾನು ಹೇಳುವ ಮೊದಲೇ ಅವಳು ಹೇಳಿದಳು, “ಹವಾ ತಿನ್ನಲಿಕ್ಕ ಬರೋ ಮಂದಿ ಅಂತಪ್ಪಾ.” ನೆಲದ ಮೇಲಿನ ಹೊರೆಯ ಕಡೆ ನೋಡಿ, “ಹವಾ ತಿನ್ನವ್ರಿಗಿ ಹಾದಿ ಅದ. ರೊಟ್ಟಿ ತಿನ್ನವ್ರಿಗಿ ಇಲ್ಲ.” ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ಹೊರೆ ಎತ್ತಲು ಕೈ ಹಚ್ಚಿದೆ. ತಲೆಯ ಮೇಲೆ ಸಿಂಬಿ ಸರಿಮಾಡಿಕೊಳ್ಳುತ್ತ ಅವಳು ಅಂದಳು, “ಅವತ್ತೇ ಹೇಳಿದ್ರಿ ಸರ ನೀವು, ಹೊರಿ ಹೊತ್ತವ್ರದು ವಾಯುವಿಹಾರ ಅಲ್ಲಂತ. ಕೆಂಪ ಗೆರಿ ಎಳದಿದ್ರಿ. ನಾ ಆ ನೋಟಬುಕ್ಕ ಮನಿಗಿ ಒಯ್ದು ಭಾಳ ಅತ್ತಿದ್ದ. ನಮ್ಮವ್ವ, ಏನ್ ತಪ್ಪ ಬರ್ದೀಯೇ ಅಂದ್ಲು. ಹೇಳ್ಲಿಕ್ಕ ಬರಲಿಲ್ಲ ನನಗ.” ಆಮೇಲೆ ಡಾಂಬರು ರಸ್ತೆಯ ಕಡೆ ತಿರುಗಿದಳು. ಎರಡು ತಾಸಿನ ರಸ್ತೆ.

ನಾನು ಹೊಸ ಹಾದಿಯಲ್ಲಿ ವಾಪಸು ಬಂದೆ. ಒಂದು ಕಲ್ಲೂ ಕಾಲಿಗೆ ಚುಚ್ಚಲಿಲ್ಲ. ಸೇತುವೆಯ ಮೇಲೆ ಕೂತು ಅತ್ತೆ. ಮೂವತ್ತು ವರ್ಷ ನನ್ನ ಜೊತೆ ನಕ್ಕ ಮಾಸ್ತರರೆಲ್ಲ ಈಗ ಎಲ್ಲೆಲ್ಲಿ ಇದ್ದಾರೋ. ಅವರನ್ನೆಲ್ಲ ಹುಡುಕಿ ಹೇಳಬೇಕು ಅನಿಸಿತು: ಆ ವಾಕ್ಯದಲ್ಲಿ ತಪ್ಪಿರಲಿಲ್ಲ ಕಣ್ರೋ. ಬೆಳಿಗ್ಗೆ ಎದ್ದು ಗಿಡಮರ ಇರುವ ಕಡೆ ನಡೆದು ಬರುವುದು ಎಂದು ನಾನೇ ಹೇಳಿದ್ದೆ. ಅವಳ ಅವ್ವ ಅದನ್ನೇ ಮಾಡುತ್ತಿದ್ದಳು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. “ನಡ್ಯಾವ್ರು ಅಂತ ಬರೀಲಿಕ್ಕ ಏನ್ ರೋಗ ಬಂದಿತ್ತು ನಿಮಗ?” ಅಂದಳು. ಅವತ್ತು ಮಧ್ಯಾಹ್ನವೇ ಎರಡನೆಯ ಅರ್ಜಿ ಬರೆದೆ. ‘ಪಾದಚಾರಿಗಳು’ ಎಂದು ಬರೆದು ನಿಲ್ಲಿಸಿದೆ. ನನ್ನ ಕೈಗೆ ಬುದ್ಧಿ ಬರುವುದಿಲ್ಲ. ಅದನ್ನು ಹರಿದು ಹಾಕಿ ಬರೆದೆ: ‘ನಡೆಯುವವರು ಎಲ್ಲರೂ. ಹೊರೆ ಹೊತ್ತವರೂ.’

ಕಚೇರಿಯ ಗುಮಾಸ್ತರು ಖುರ್ಚಿ ಕೊಟ್ಟು ಕೂರಿಸಿದರು. ಓದಿದರು. ಅವರ ಮುಖದಲ್ಲಿ ನಿಜವಾಗಿಯೂ ನಿರಾಸೆ ಕಂಡಿತು.

“ಮೊದಲಿಂದು ಎಷ್ಟ ಛಂದ ಇತ್ತರಿ ಸರ! ಸಾಹೇಬ್ರು ಮೀಟಿಂಗಿನಾಗ ಓದಿ ಹೇಳಿದ್ರು. ಇಂಥಾ ಶುದ್ಧ ಕನ್ನಡ ಬರಿಯಾವ್ರು ಈಗೆಲ್ಲದಾರ ಅಂದ್ರು. ಬೋರ್ಡಿನ ಮ್ಯಾಲ ನಿಮ್ಮ ಶಬ್ದಾನೇ ಇಡ್ರಿ ಅಂತ ಅವ್ರೇ ಹೇಳ್ಯಾರ.”

“ಅದು ತಪ್ಪು ಶಬ್ದರಿ. ಅದನ್ನ ತಗೀರಿ.”

“ಕಾಗುಣಿತ ಬರೋಬರಿ ಅದಲ್ರಿ?”

“ಕಾಗುಣಿತ ಸರಿ ಅದ. ಶಬ್ದ ತಪ್ಪ ಅದ.”

ಅವರಿಗೆ ಅರ್ಥವಾಗಲಿಲ್ಲ. ಅವರದೇನೂ ದೋಷವಿಲ್ಲ, ಅವರೂ ನನ್ನಂಥ ಮಾಸ್ತರನ ಕೈಯಲ್ಲೇ ಕಲಿತವರು. ಹೊರೆ ಹೊತ್ತವರು ಎಂದು ಬರೆದರೆ ಕಟ್ಟಿಗೆ ಕದಿಯುವವರ ಪ್ರಶ್ನೆ ಬರುತ್ತದೆ, ಫೈಲು ಮೇಲೆ ಹೋಗುವುದಿಲ್ಲ ಎಂದು ತಿಳಿಸಿ ಹೇಳಿದರು. ಆಮೇಲೆ ಹಳೆಯ ಅರ್ಜಿ ತೆಗೆದು ಸಹಿಗಳ ಮೇಲೆ ಬೆರಳಾಡಿಸಿದರು. “ನೋಡ್ರಿ, ಆ ಊರಿನ ಹೆಣ್ಮಗಳದೂ ಸಹಿ ಅದ. ಆಕಿದೇನೂ ತಕರಾರಿಲ್ಲ ಅಂದಂಗಾತಲ್ರಿ.” ದುಂಡಗಿನ ಅಕ್ಷರ, ತಲೆಕಟ್ಟು ಸಹಿತ. ನಾನು ಎದ್ದು ಬಂದೆ. ಆಮೇಲೆ ಇನ್ನೂ ನಾಲ್ಕು ಸಲ ಹೋದೆ. ಐದನೆಯ ಸಲಕ್ಕೆ ಖುರ್ಚಿ ಕೊಡುವುದನ್ನು ಬಿಟ್ಟರು.

ಒಂದು ದಿನ ಸೀಮೆಸುಣ್ಣ ಹಿಡಿದು ಕಲ್ಲಿನ ಮುಂದೆ ನಿಂತೆ. ‘ಮಾತ್ರ’ದ ಮೇಲೆ ಗೆರೆ ಎಳೆದೆ. ಮಧ್ಯಾಹ್ನ ಮಳೆ ಬಂತು, ತೊಳೆದುಹೋಯಿತು.

ಅವಳು ಡಾಂಬರು ರಸ್ತೆಯಲ್ಲಿ ಎರಡು ತಿಂಗಳು ಬಂದಳು. ಟಂಟಂ ಆಟೋದವರು ಹೊರೆ ನೋಡಿ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೂ ಎಲೆ ಮುರಿಯುತ್ತಿದ್ದವು. ಬಜಾರಿನಲ್ಲಿ ನೋಡಿದಾಗಲೆಲ್ಲ ಮೊಳಕಾಲಿಗೆ ಬಟ್ಟೆ ಬಿಗಿದು ಕೂತಿರುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತರೆ, “ಕುಂದ್ರಿ ಸರ” ಎಂದು ತನ್ನ ಗೋಣಿತಾಟು ಸರಿಸುತ್ತಿದ್ದಳು. ನನ್ನಿಂದ ತಪ್ಪಾಯಿತು ಎಂದು ಒಂದು ಸಲ ಹೇಳಿದೆ. “ನೀವ್ ಯಾಕ ಹಂಗಂತೀರಿ ಸರ, ಹಳ್ಳಕ್ಕ ಸೇತುವೆ ಆತಲ್ಲ” ಅಂದಳು. ಆಮೇಲೆ ವಾರಕ್ಕೆ ಎರಡೇ ದಿನ ಬರತೊಡಗಿದಳು, ಆಮೇಲೆ ಸಂತೆಗೆ ಮಾತ್ರ, ಆಮೇಲೆ ಬರಲಿಲ್ಲ. ಎಲೆ ಬೇಕಾದವರು ಪ್ಲಾಸ್ಟಿಕ್ ತಟ್ಟೆ ಒಯ್ದರು. ಯಾರ ಊಟವೂ ನಿಲ್ಲಲಿಲ್ಲ.

ದೀಪಾವಳಿ ಕಳೆದು ಚಳಿ ಶುರುವಾದ ಒಂದು ಬೆಳಿಗ್ಗೆ ಸೇತುವೆಯ ಹತ್ತಿರ ಯಾರೋ ಎದುರಿಗೆ ಬರುತ್ತಿದ್ದರು. ತಲೆಯ ಮೇಲೆ ಏನೂ ಇಲ್ಲ, ಹಸಿರು ಇಳಕಲ್ ಸೀರೆ, ಕೈಯಲ್ಲಿ ಒಂದು ಪರ್ಸು ಮಾತ್ರ. ಗುರುತೇ ಹತ್ತಲಿಲ್ಲ. ಹೊರೆ ಇಲ್ಲದೆ ಅವಳನ್ನು ನಾನು ಹಾದಿಯಲ್ಲಿ ನೋಡೇ ಇರಲಿಲ್ಲ.

“ಇವತ್ತ ನಾನೂ ಹವಾ ತಿನ್ನಲಿಕ್ಕ ಬಂದೀನ್ರಿ ಸರ” ಅಂದಳು. “ಗೇಟಿನ್ಯಾಗ ಬಿಟ್ರು. ಬರ್ರೆವ್ವಾ ಅಂದ್ರು.”

ನಾನು ಹೊಳ್ಳಿ ಅವಳ ಜೊತೆ ನಡೆದೆ. ಸೇಡಂಗೆ, ಮಗಳ ಹತ್ತಿರ ಹೋಗುತ್ತಿದ್ದಾಳಂತೆ. ಅಲ್ಲಿ ಲಾರಿ ಡ್ರೈವರುಗಳು ಊಟ ಮಾಡುವ ಒಂದು ಖಾನಾವಳಿಯಲ್ಲಿ ತಾಟು ತೊಳೆಯುವ ಕೆಲಸ ಗೊತ್ತುಮಾಡಿದ್ದಾರೆ. ಸಾಮಾನು ಅಳಿಯ ನಿನ್ನೆಯೇ ಒಯ್ದಿದ್ದಾನೆ. ಮುತ್ತಲ ಗಿಡ ಏನು ಮಾಡಿದಿ ಎಂದು ಕೇಳಿದೆ. ಹೊಲ ಪಾಲಿಗೆ ಕೊಟ್ಟಳಂತೆ, ಪಾಲಿಗೆ ಹಿಡಿದವನು ಬದು ಸಾಫು ಮಾಡುತ್ತೇನೆ ಅಂದನಂತೆ. ಕುತ್ತಿಗೆಯನ್ನು ಮಾತ್ರ ಹಳೆಯ ಹಾಗೆಯೇ ಅಲುಗದಂತೆ ಹಿಡಿದು ನಡೆಯುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

ಗೇಟಿನ ಹತ್ತಿರ ಬಂದಾಗ ಅವಳು ಕಲ್ಲಿನ ಮುಂದೆ ನಿಂತಳು. ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ ತೋರಿಸಿದಳು. ತರಗತಿಯಲ್ಲಿ ಉಗುರು ತೋರಿಸುವ ಮಕ್ಕಳು ಹಾಗೇ ತೋರಿಸುತ್ತಿದ್ದವು.

“ಹೊರಿ ಇಲ್ರಿ ಸರ ಇವತ್ತ. ವಾಕ್ಯ ಈಗ ಸರಿ ಆತೇನ್ರಿ?”

ಕೊಂಕು ಇತ್ತೋ, ನಿಜವಾಗಿಯೂ ಕೇಳಿದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಅಂದು ಬರೆದದ್ದೇ ಸರಿ, ತಪ್ಪು ನನ್ನದು ಎಂದು ಹೇಳಬೇಕಿತ್ತು. ಅಷ್ಟೇ ಸಾಕಿತ್ತು. ಮೂವತ್ತು ವರ್ಷ ಬಾಯಿಯಿಂದಲೇ ಬದುಕಿದವನಿಗೆ ಬಾಯಿ ಏಳಲಿಲ್ಲ. ಅವಳು ಸ್ವಲ್ಪ ಕಾದಳು. ರಸ್ತೆಯಲ್ಲಿ ಹಾರ್ನ್ ಕೇಳಿತು.

“ಬಸ್ ಬಂತರಿ ಸರ. ಸಕ್ಕರಿ ನೋಡ್ಕೋರಿ” ಎಂದು, ಸೆರಗು ಹೊದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಎಡಗಾಲು ಎಳೆಯುತ್ತಿತ್ತು.

ಸೇಡಂ ಬಸ್ಸು ಹೋದ ಮೇಲೂ ನಿಂತೇ ಇದ್ದೆ. ಆಮೇಲೆ ಹೊಳ್ಳಿದೆ. ಈ ಗೇಟಿನ ಕಾವಲುಗಾರ ಎದ್ದು ನಿಂತು, “ಬರ್ರಿ ಸರ” ಎಂದು ನನಗೆ ಬಾಗಿಲು ತೆರೆದ. ನನ್ನ ತಲೆಯ ಮೇಲೆ ಏನೂ ಇರಲಿಲ್ಲ, ಕೈಯಲ್ಲಿಯೂ ಏನೂ ಇರಲಿಲ್ಲ.